ಬಿಎಂಟಿಸಿ, ಕೆಎಸ್‌ಆರ್‌ಟಿಸಿ, ಮೆಟ್ರೊ, ರೈಲು ಒಂದೇ ಆಡಳಿತಕ್ಕೆ ಬಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಏನು ದಕ್ಕೀತು?

ಕ್ಯಾತ್ಸಂದ್ರದ ಪ್ರಯಾಣಿಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಹನ್ನೊಂದು ವರ್ಷಗಳಿಂದ ನಾನು ತುಮಕೂರಿನಿಂದ ಬೆಂಗಳೂರಿಗೆ ದಿನವೂ ಹೋಗಿಬರುವವನು. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ. ರೈಲ್ವೆಯ ಸೀಸನ್ ಟಿಕೆಟ್, ಮೆಟ್ರೊ ಕಾರ್ಡ್, ಬಿಎಂಟಿಸಿಯ ತಿಂಗಳ ಪಾಸ್ ಈ ಮೂರೂ ಅಂಗಿಯ ಜೇಬಿನಲ್ಲಿ ಸದಾ ಇರುತ್ತವೆ. ಬೆಳಗಿನ ರೈಲು ಕೈತಪ್ಪಿದ ದಿನ ಕೆಎಸ್‌ಆರ್‌ಟಿಸಿಯ ಟಿಕೆಟ್ಟೂ ಅವುಗಳ ಜೊತೆ ಸೇರುತ್ತದೆ. ಒಂದು ಭಾನುವಾರ ಕುಳಿತು ಕೂಡಿ ನೋಡಿದೆ. ಎಪ್ಪತ್ತು ಕಿಲೋಮೀಟರಿನ ಒಂದೇ ಪ್ರಯಾಣಕ್ಕೆ ನಾನು ನಾಲ್ಕು ಖಾತೆಗಳಿಗೆ ಹಣ ಕಟ್ಟುತ್ತಿದ್ದೇನೆ, ಮತ್ತು ಆ ನಾಲ್ಕರಲ್ಲಿ ಒಂದಕ್ಕೂ ನಾನು ಉಳಿದ ಮೂರರ ಗಿರಾಕಿಯೂ ಹೌದೆಂಬುದು ತಿಳಿಯದು.

ಕಳೆದ ತಿಂಗಳ ಒಂದು ಸಂಜೆ ಒಂದು ವಾಹನದಿಂದ ಇಳಿದು ಇನ್ನೊಂದನ್ನು ಹಿಡಿಯಲು ಓಡುತ್ತ ಬಂದೆ. ಕಣ್ಣೆದುರೇ ಅದರ ಹಿಂಬದಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಮುಂದಿನದು ಐವತ್ತು ನಿಮಿಷದ ನಂತರವೇ. ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದರೆ, "ನಮ್ಮದು ಕರೆಕ್ಟ್ ಟೈಮಿಗೇ ಹೊರಟಿದೆ ಸಾರ್" ಎಂದರು. ನಾನು ಇಳಿದು ಬಂದ ವಾಹನವೂ ತನ್ನ ಸಮಯಕ್ಕೆ ಸರಿಯಾಗಿಯೇ ಬಂದಿತ್ತು. ಇಬ್ಬರದೂ ಸರಿಯೇ, ನಡುವೆ ಎರಡು ಪೊಟ್ಟಣ ಕಡಲೆಕಾಯಿ ಮುಗಿಸಿ ನಿಂತವನು ನಾನು.

ನಮ್ಮ ಬೋಗಿಯ ಗೆಳೆಯರೆಲ್ಲ ಸೇರಿ ಸರ್ಕಾರಕ್ಕೆ ಒಂದು ಮನವಿ ಬರೆಯುತ್ತಿದ್ದೇವೆ. ಅದರ ಮೊದಲ ವಾಕ್ಯ ಸದ್ಯಕ್ಕೆ ಹೀಗಿದೆ: "ಬೆಂಗಳೂರು ಹಾಗೂ ಸುತ್ತಲಿನ ಜಿಲ್ಲೆಗಳ ಎಲ್ಲ ಸಾರ್ವಜನಿಕ ಸಾರಿಗೆಯನ್ನು ಒಂದೇ ಸಂಸ್ಥೆಯ ಅಡಿಯಲ್ಲಿ ತರಬೇಕು." 2024ರ ನವೆಂಬರ್‌ನಲ್ಲಿ ಮೆಟ್ರೊದ ಹಸಿರು ಮಾರ್ಗ ಮಾದಾವರದವರೆಗೆ ಬಂದಿತು; ಅಲ್ಲಿಂದ ತುಮಕೂರಿಗೆ ಮೆಟ್ರೊ ತರುವ ಸಾಧ್ಯತೆಯನ್ನು ಪರಿಶೀಲಿಸುವುದಾಗಿ 2024-25ರ ರಾಜ್ಯ ಬಜೆಟ್ ಹೇಳಿತ್ತು; ಉಪನಗರ ರೈಲಿಗೆಂದು ಕೆ-ರೈಡ್ ಎಂಬ ಇನ್ನೊಂದು ಕಂಪನಿಯೇ ಇದೆ. ಹೊಸದೊಂದು ಯೋಜನೆ ಬಂದಂತೆಲ್ಲ ಜೇಬಿಗೆ ಹೊಸದೊಂದು ಕಾರ್ಡ್ ಸೇರುವುದಾದರೆ, ಎಲ್ಲವನ್ನೂ ಒಂದುಗೂಡಿಸುವುದೇ ನೆಟ್ಟಗಿನ ದಾರಿಯಲ್ಲವೇ? ಹಾಗೆ ಮಾಡುವಾಗ ಗೆರೆಯನ್ನು ಎಲ್ಲಿ ಎಳೆಯಬೇಕು, ನಮ್ಮ ಮೂರು ಜಿಲ್ಲೆಗಳು ಅದರ ಒಳಗಿರುತ್ತವೆಯೋ ಹೊರಗೋ? ಸಾರಿಗೆಯ ಒಳಹೊರಗು ಬಲ್ಲವರು ತಿಳಿಸಿದರೆ ಮನವಿಯನ್ನು ತಿದ್ದಿಕೊಳ್ಳುತ್ತೇವೆ.

ನಿವೃತ್ತ ಸಂಚಾರ ನಿಯಂತ್ರಕ, ಕೋಲಾರ

ತಾವು ಕೇಳುತ್ತಿರುವ ಆ "ಒಂದೇ ಸಂಸ್ಥೆ" ಬಸ್ಸಿನ ಮಟ್ಟಿಗೆ ಈ ರಾಜ್ಯದಲ್ಲಿ ಇದ್ದೇ ಇತ್ತು; ನಾನು ನೌಕರಿಗೆ ಸೇರಿದ್ದು ಆ ಕಾಲದಲ್ಲಿ. 1948ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು, 1961ರ ಆಗಸ್ಟ್‌ನಲ್ಲಿ ನಿಗಮವಾಯಿತು. ಬೆಂಗಳೂರಿನ ಹಳೆಯ ನಗರ ಬಸ್ ಸೇವೆ ಬಿಟಿಎಸ್ ಕೂಡ ಅದರ ಮಡಿಲಲ್ಲೇ ಇತ್ತು. 1997ರ ಆಗಸ್ಟ್ 15ರಂದು ಬಿಎಂಟಿಸಿ ಬೇರೆಯಾಯಿತು, ಅದೇ ನವೆಂಬರ್‌ನಲ್ಲಿ ಹುಬ್ಬಳ್ಳಿಯ ವಾಯವ್ಯ ನಿಗಮ ಬಂತು, 2000ದಲ್ಲಿ ಕಲಬುರಗಿಯದು. ಲೋಕವೆಲ್ಲ ಒಂದಾಗುವ ಮಾತಾಡುವಾಗ ನಾವು ಅಣ್ಣತಮ್ಮಂದಿರು ಹಿಸ್ಸೆ ಆದಂತೆ ಆದೆವು. ಅದು ಬರೀ ಹುಚ್ಚಾಟವಾಗಿರಲಿಲ್ಲ, ಅದಕ್ಕೊಂದು ಅರ್ಥವಿತ್ತು ಎಂಬುದನ್ನು ಹೇಳಲು ಈ ಉತ್ತರ.

ನಗರದ ಬಸ್ಸು ಮತ್ತು ಮೊಫಸಿಲ್ ಬಸ್ಸು, ಅಂದರೆ ನಗರದಾಚೆಯ ಊರು ಹಳ್ಳಿಗಳಿಗೆ ಓಡುವ ಬಸ್ಸು, ಹೊರಗಿನಿಂದ ನೋಡಲು ಒಂದೇ ಜಾತಿ, ಒಳಗಿನಿಂದ ಬೇರೆ. ನಗರದ ಷೆಡ್ಯೂಲಿನಲ್ಲಿ ಒಂದು ಬಸ್ಸು ಬೆಳಗಿನಿಂದ ರಾತ್ರಿಯವರೆಗೆ ಅದೇ ಹತ್ತು ಹದಿನೈದು ಕಿಲೋಮೀಟರನ್ನು ಮತ್ತೆ ಮತ್ತೆ ಉಜ್ಜುತ್ತದೆ. ಒಂದು ಟ್ರಿಪ್ ತಪ್ಪಿದರೆ ಹಿಂದಿನದು ಬಂದು ಜನರನ್ನು ತುಂಬಿಕೊಳ್ಳುತ್ತದೆ. ಮೊಫಸಿಲ್‌ನಲ್ಲಿ ಹಾಗಿಲ್ಲ. ಮುಳಬಾಗಿಲು ತಾಲ್ಲೂಕಿನ ಒಂದು ಗಡಿಹಳ್ಳಿಗೆ ನಾವು ಒಂದು ನೈಟ್ ಹಾಲ್ಟ್ ಬಸ್ಸು ಕಳಿಸುತ್ತಿದ್ದೆವು. ರಾತ್ರಿ ಒಂಬತ್ತಕ್ಕೆ ಅಲ್ಲಿ ಮುಟ್ಟಿ, ಚಾಲಕ ಮತ್ತು ನಿರ್ವಾಹಕ ದೇವಸ್ಥಾನದ ಜಗಲಿಯಲ್ಲಿ ಊಟ ಮಾಡಿ, ಬಸ್ಸಿನಲ್ಲೇ ಸೊಳ್ಳೆಪರದೆ ಕಟ್ಟಿ ಮಲಗಿ, ಬೆಳಗಿನ ಐದೂ ಮುಕ್ಕಾಲಿಗೆ ಹೊರಡುತ್ತಿದ್ದರು. ಹತ್ತುತ್ತಿದ್ದವರು ಕಾಲೇಜಿನ ಮಕ್ಕಳು, ಹೂವಿನ ಮೂಟೆಯ ಹೆಂಗಸರು, ಕೋಲಾರದ ಆಸ್ಪತ್ರೆಗೆ ಹೊರಟ ಒಬ್ಬಿಬ್ಬರು ಮುದುಕರು. ನಿರ್ವಾಹಕರ ಟಿಕೆಟ್ ಲೆಕ್ಕದ ಹಾಳೆಯಾದ ವೇಬಿಲ್ ತೆಗೆದು ನೋಡಿದರೆ ಕಿಲೋಮೀಟರಿಗೆ ಬರುತ್ತಿದ್ದ ಆದಾಯ ಡೀಸೆಲ್ಲಿಗೂ ಸಾಲದಂತಿತ್ತು. ಆದರೆ ಆ ಬಸ್ಸು ನಿಂತ ದಿನ ಆ ಹಳ್ಳಿಯ ಮಕ್ಕಳ ಕಾಲೇಜೂ ನಿಲ್ಲುತ್ತದೆ.

ಈಗ ಒಂದೇ ದೊಡ್ಡ ಸಂಸ್ಥೆ ಮಾಡಿದಿರಿ ಎಂದು ಭಾವಿಸೋಣ. ವೈಟ್‌ಫೀಲ್ಡ್‌ನಲ್ಲಿ ಸಾವಿರ ಜನ ಬಸ್ಸಿಲ್ಲವೆಂದು ರಸ್ತೆಗಿಳಿದ ದಿನ, ಬಸ್ಸು ಎಲ್ಲಿಂದ ತೆಗೆಯುತ್ತಾರೆ? ಕೇಂದ್ರ ಕಚೇರಿಯ ಮೇಜಿನ ಮೇಲೆ ಆದಾಯದ ಪಟ್ಟಿಯನ್ನು ಇಳಿಕೆ ಕ್ರಮದಲ್ಲಿ ಇಟ್ಟರೆ ನನ್ನ ಆ ನೈಟ್ ಹಾಲ್ಟ್ ಕಟ್ಟಕಡೆಯ ಸಾಲಿನಲ್ಲಿರುತ್ತದೆ. ಕತ್ತರಿ ಮೊದಲು ಹೋಗುವುದು ಅಲ್ಲಿಗೇ. ಬೇರೆ ನಿಗಮವಾಗಿರುವುದರಿಂದ ಕೋಲಾರ ವಿಭಾಗದ ಬಸ್ಸು ಕಡೆಯಪಕ್ಷ ಬೆಂಗಳೂರಿನ ಒಳರಸ್ತೆಗಳ ಪಾಲಾಗದೆ ಉಳಿದಿದೆ.

ಇಷ್ಟು ಹೇಳಿದ ಮೇಲೆ, ತಮ್ಮ ಕಡಲೆಕಾಯಿಯ ಐವತ್ತು ನಿಮಿಷ ಸುಳ್ಳೆಂದು ನಾನು ಹೇಳಲಾರೆ. 2025ರ ಜನವರಿಯ ಶೇ 15ರ ದರ ಏರಿಕೆ ನಾಲ್ಕೂ ನಿಗಮಗಳಿಗೆ ಒಂದೇ ದಿನ ಬಂತು. ನೌಕರರ ವೇತನ ಪರಿಷ್ಕರಣೆಯ ಮಾತು ಬಂದಾಗಲೂ ನಾಲ್ಕೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. 2021ರ ಏಪ್ರಿಲ್‌ನ ಮುಷ್ಕರದಲ್ಲಿ ನಾಲ್ಕರ ಬಸ್ಸುಗಳೂ ನಿಂತವು. ದರ ಒಂದು, ಸಂಬಳ ಒಂದು, ಮುಷ್ಕರವೂ ಒಂದು. ಪ್ರಯಾಣಿಕನಿಗೆ ಒಂದಾಗಿ ಬೇಕಿದ್ದ ವೇಳಾಪಟ್ಟಿ ಮಾತ್ರ ಬೇರೆ ಬೇರೆಯಾಗಿ ಉಳಿದುಕೊಂಡಿದೆ. ಇದು ನನಗೆ ಸೇವೆಯಲ್ಲಿದ್ದಾಗ ಹೊಳೆಯಲಿಲ್ಲ, ನಿವೃತ್ತನಾಗಿ ಟಿಕೆಟ್ ಕೊಂಡು ಬಸ್ಸು ಹತ್ತಲು ಶುರು ಮಾಡಿದ ಮೇಲೆ ಹೊಳೆಯಿತು.

ಕೋಲಾರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ತುಮಕೂರಿನವರು ಬಸ್ಸು, ರೈಲು, ಮೆಟ್ರೊ ಎಂದು ಎಣಿಸುವಾಗ ನಮ್ಮಲ್ಲಿ ಖಾಸಗಿ ಬಸ್ಸನ್ನು ಬಿಟ್ಟು ಎಣಿಕೆಯೇ ಇಲ್ಲ. ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಎಷ್ಟೋ ಹಳ್ಳಿಗಳಿಗೆ ಅವೇ ಆಧಾರ. ಯಾವ ರಸ್ತೆ ಸರ್ಕಾರಿ ಬಸ್ಸಿಗೆ, ಯಾವುದು ಖಾಸಗಿಗೆ ಎಂಬುದರ ಹಿಂದೆ ಕೋಲಾರ ಪಾಕೆಟ್ ಸ್ಕೀಂ ಎಂಬ ಹಳೆಯ ರಾಷ್ಟ್ರೀಕರಣ ಯೋಜನೆಯ ಕಥೆಯೇ ಇದೆ. ಸರ್ಕಾರಿ ಸಂಸ್ಥೆಗಳನ್ನೆಲ್ಲ ಒಂದು ಮಾಡಿದರೂ ಅವು ಹೊರಗೇ ಉಳಿಯುತ್ತವೆ. ಇನ್ನು ಕೆಜಿಎಫ್. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಆ ಊರು ಬದುಕಿರುವುದೇ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಳ ಮೇಲೆ. ಆ ರೈಲಿನಲ್ಲಿ ನಿಂತು ಬರುವ ಜನರನ್ನು ಬೆಂಗಳೂರಿನ ಯಾವ ನಕ್ಷೆಯೂ ಬೆಂಗಳೂರಿನವರೆಂದು ಎಣಿಸುವುದಿಲ್ಲ.

ಶಿರಾ ಗೇಟ್ ನಿವಾಸಿ, ತುಮಕೂರು

ಇಬ್ಬರೂ ಹಿರಿಯರು ಬರೆದದ್ದನ್ನು ಓದಿದೆ. ಇಬ್ಬರ ಬರಹದಲ್ಲೂ ಒಂದು ಸಂಗತಿ ಬಂದಿಲ್ಲ, ಬಹುಶಃ ಇಬ್ಬರೂ ಗಂಡಸರಾದ್ದರಿಂದ.

ನಾನು ವಾರದಲ್ಲಿ ನಾಲ್ಕು ದಿನ ತುಮಕೂರಿನಿಂದ ಮೆಜೆಸ್ಟಿಕ್‌ವರೆಗೆ ಕೆಂಪು ಬಸ್ಸಿನಲ್ಲಿ ಹೋಗುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಈ ಪ್ರಯಾಣಕ್ಕೆ ನಾನು ಕೊಡುವುದು ಆಧಾರ್ ಕಾರ್ಡಿನ ದರ್ಶನ ಮಾತ್ರ. ನಿರ್ವಾಹಕರು ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಡುತ್ತಾರೆ. ಈ ಸೌಲಭ್ಯ ನಾಲ್ಕು ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿದೆ. ಮೆಟ್ರೊದಲ್ಲಿ ಇಲ್ಲ, ರೈಲಿನಲ್ಲಿ ಇಲ್ಲ, ಕೋಲಾರದ ಹಿರಿಯರು ಹೇಳಿದ ಖಾಸಗಿ ಬಸ್ಸಿನಲ್ಲೂ ಇಲ್ಲ.

ಎಲ್ಲವೂ ಒಂದೇ ಸಂಸ್ಥೆಯಾದರೆ ಆ ಸಂಸ್ಥೆಯ ಯೋಜನಾ ವಿಭಾಗ ಮೊದಲು ಮಾಡುವ ಕೆಲಸವೇನು? ತುಮಕೂರು ರಸ್ತೆಯಲ್ಲಿ ಮೆಟ್ರೊ ಓಡುವಾಗ ಅದರ ಪಕ್ಕದಲ್ಲೇ ಬಸ್ಸೂ ಮೆಜೆಸ್ಟಿಕ್‌ವರೆಗೆ ಯಾಕೆ ಓಡಬೇಕು, ಮಾದಾವರದಲ್ಲೇ ನಿಲ್ಲಿಸಿ ಜನರನ್ನು ಮೆಟ್ರೊ ಹತ್ತಿಸಿ ಎನ್ನುತ್ತದೆ. ಕಾಗದದ ಮೇಲೆ ಅದು ಜಾಣತನದ ಮಾತು. ಬಸ್ಸಿಗೆ ಗೊರಗುಂಟೆಪಾಳ್ಯದ ದಟ್ಟಣೆ ತಪ್ಪುತ್ತದೆ, ಅದೇ ಬಸ್ಸು ಇನ್ನೊಂದು ಟ್ರಿಪ್ ಹೊಡೆಯಬಹುದು. ಆದರೆ ಆ ಆದೇಶ ಹೊರಬಿದ್ದ ದಿನ ನನ್ನ ಉಚಿತ ಪ್ರಯಾಣ ಹಣದ ಪ್ರಯಾಣವಾಗುತ್ತದೆ. ಮೆಟ್ರೊದ ಗರಿಷ್ಠ ದರ 2025ರ ಫೆಬ್ರುವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿದ್ದನ್ನು ನೆನಪಿಸಿಕೊಳ್ಳಿ. ದರ ಏರಿಸಿದ್ದೇವೆ ಎಂದು ಯಾರೂ ಪ್ರಕಟಿಸದೆ, ಮಾರ್ಗ ಬದಲಿಸಿದ್ದೇವೆ ಎಂದಷ್ಟೇ ಹೇಳಿ, ಹೆಂಗಸರ ಮೇಲೆ ದರ ಹೇರಿದಂತಾಗುತ್ತದೆ.

ಕುತೂಹಲಕ್ಕೆ ಒಂದು ದಿನ ನಾನೇ ಮಾದಾವರದಲ್ಲಿ ಇಳಿದು ನೋಡಿದ್ದೆ. ಬಸ್ಸಿನ ಮೆಟ್ಟಿಲಿನಿಂದ ಮೆಟ್ರೊ ಪ್ಲಾಟ್‌ಫಾರ್ಮಿನವರೆಗೆ, ಊಟದ ಬುಟ್ಟಿ ಮತ್ತು ಕಡತದ ಚೀಲ ಹಿಡಿದು ನಡೆದಾಗ, ಒಂಬತ್ತು ನಿಮಿಷ ಹಿಡಿಯಿತು. ಹಗಲಿನಲ್ಲಿ ಅದೇನೂ ದೊಡ್ಡದಲ್ಲ. ರಾತ್ರಿ ಒಂಬತ್ತೂವರೆಗೆ ಅದೇ ನಡಿಗೆಯನ್ನು ತಿರುವುಮುರುವಾಗಿ ಮಾಡಿ, ಹೆದ್ದಾರಿಯ ಪಕ್ಕ ನಿಂತು, ತುಮಕೂರಿನ ಬಸ್ಸು ನಿಲ್ಲಿಸುತ್ತಾರೋ ಇಲ್ಲವೋ ಎಂದು ಕೈ ತೋರಿಸುವುದಕ್ಕಿಂತ, ಮೆಜೆಸ್ಟಿಕ್‌ನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಎರಡು ತಾಸು ಕುಳಿತು ಬರುವುದನ್ನೇ ನಾನು ಆರಿಸಿಕೊಳ್ಳುತ್ತೇನೆ. ಆದ್ದರಿಂದ ವಿಲೀನದ ಬೇಡಿಕೆ ಇಡುವ ಮುನ್ನ, ಶಕ್ತಿಯ ಶೂನ್ಯ ಟಿಕೆಟ್ ಮೆಟ್ರೊ ಗೇಟಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೇಳಿ.

ವಕೀಲರು, ಚಿಕ್ಕಬಳ್ಳಾಪುರ

ಮೇಡಂ ಅವರು ಎತ್ತಿದ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲದಿರುವುದೇ ಈ ಚರ್ಚೆಯ ತಿರುಳು ಎಂದು ನನಗನಿಸುತ್ತದೆ. ಒಂದೊಂದು ಸಂಸ್ಥೆಯೂ ಒಂದೊಂದು ಕಾಯ್ದೆಯ ಕೂಸು. ಬಸ್ ನಿಗಮಗಳು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ ರಾಜ್ಯ ಸರ್ಕಾರ ಸ್ಥಾಪಿಸಿದವು. ಮೆಟ್ರೊ ನಿಗಮ ಹೆಸರಿಗೆ ನಿಗಮವಾದರೂ ಕೇಂದ್ರ ಮತ್ತು ರಾಜ್ಯ ಸಮಪಾಲು ಹೊಂದಿರುವ ಒಂದು ಕಂಪನಿ; ಅದರ ದರ 2002ರ ಮೆಟ್ರೊ ರೈಲು ಕಾಯ್ದೆಯಂತೆ ರಚನೆಯಾಗುವ ದರ ನಿಗದಿ ಸಮಿತಿಯ ಶಿಫಾರಸಿನ ಮೇಲೆ ನಿಲ್ಲುತ್ತದೆ. ಕೆ-ರೈಡ್ ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯದ ಜಂಟಿ ಕಂಪನಿ. ತುಮಕೂರಿನ ಮೆಮು ರೈಲು ಪೂರ್ತಿಯಾಗಿ ಕೇಂದ್ರದ್ದು. ವಿಧಾನಸೌಧದಲ್ಲಿ ಎಲ್ಲ ಪಕ್ಷಗಳೂ ಕೈ ಎತ್ತಿದರೂ ರಾಜ್ಯ ತಾನಾಗಿಯೇ ಕೂಡಿಸಬಲ್ಲದ್ದು ಬಿಎಂಟಿಸಿ ಮತ್ತು ಕೆಎಸ್‌ಆರ್‌ಟಿಸಿಯನ್ನು ಮಾತ್ರ. ಅದನ್ನು ಕೂಡಿಸಿದರೆ 1997ಕ್ಕೆ ಮರಳಿದಂತಾಗುತ್ತದೆ. ಪ್ರಶ್ನೆ ಕೇಳಿದವರ ಜೇಬಿನಲ್ಲಿ ಆಗಲೂ ಮೂರು ಕಾರ್ಡುಗಳಿರುತ್ತವೆ.

ಇನ್ನು ಗೆರೆಯ ವಿಚಾರ. ಸಾರಿಗೆ ಸಂಸ್ಥೆಗಳ ನಡುವೆ ಸಮನ್ವಯ ತರಲೆಂದು ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ 2007ರಲ್ಲಿ ಸರ್ಕಾರಿ ಆದೇಶದ ಮೂಲಕ ಹುಟ್ಟಿತು. 2022ರಲ್ಲಿ ಅದಕ್ಕಾಗಿಯೇ ಕಾಯ್ದೆಯಾಯಿತು, ಮುಖ್ಯಮಂತ್ರಿಗಳೇ ಅಧ್ಯಕ್ಷರು. ಕೇಂದ್ರದ 2006ರ ನಗರ ಸಾರಿಗೆ ನೀತಿ ದೊಡ್ಡ ನಗರಗಳಿಗೆ ಇಂಥದೊಂದು ಪ್ರಾಧಿಕಾರ ಬೇಕೆಂದಿತ್ತು, 2017ರ ಮೆಟ್ರೊ ನೀತಿ ಕೇಂದ್ರದ ನೆರವು ಬೇಕಾದರೆ ಇದು ಇರಲೇಬೇಕೆಂದಿತು. ಆದರೆ ಇವೆಲ್ಲದರ ಕಲ್ಪನೆಯಲ್ಲಿರುವುದು ನಗರ. ಪ್ರದೇಶದ ನಕ್ಷೆಯೆಂದು ನಮ್ಮಲ್ಲಿರುವುದು 1985ರ ಕಾಯ್ದೆಯಡಿ ಬಂದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಬಿಎಂಆರ್‌ಡಿಎ) ವ್ಯಾಪ್ತಿ. ಬೆಂಗಳೂರು ನಗರ, ಗ್ರಾಮಾಂತರ ಮತ್ತು ರಾಮನಗರದ ಸೀಮೆ ಅದರಲ್ಲಿದೆ. ದಾಬಸ್‌ಪೇಟೆ ಒಳಗೆ, ಅದರಾಚೆಯ ಹಿರೇಹಳ್ಳಿ ಹೊರಗೆ. ಹೊಸಕೋಟೆ ಒಳಗೆ, ನರಸಾಪುರ ಹೊರಗೆ. ದೇವನಹಳ್ಳಿ ಒಳಗೆ, ನಂದಿ ಹೊರಗೆ. ನರಸಾಪುರದ ಕಾರ್ಖಾನೆಗಳಿಗೆ ಹೊಸಕೋಟೆಯ ಕಡೆಯಿಂದ ಬೆಳಗ್ಗೆ ಹೊರಡುವ ಕಂಪನಿ ಬಸ್ಸುಗಳ ಸಾಲನ್ನು ನೋಡಿದವರಿಗೆ ಈ ಗೆರೆ 1985ರಲ್ಲಿ ಎಳೆದದ್ದೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆ ಹುಟ್ಟಿದ್ದೇ 2007ರಲ್ಲಿ.

ಹಾಗಾದರೆ ದಾರಿಯೇ ಇಲ್ಲವೇ ಎಂದರೆ, ಇದೆ, ಮತ್ತು ಅದು ವಿಲೀನವನ್ನು ಬದಿಗಿಟ್ಟು ಹೋಗುವ ದಾರಿ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1965ರಲ್ಲೇ ಸಾರಿಗೆ ಸಂಸ್ಥೆಗಳು ಒಂದು ಒಕ್ಕೂಟ ಮಾಡಿಕೊಂಡವು. ಬಸ್ಸು ಯಾರದೋ ಅವರದೇ, ರೈಲು ಯಾರದೋ ಅವರದೇ. ಟಿಕೆಟ್ ಮತ್ತು ವೇಳಾಪಟ್ಟಿ ಮಾತ್ರ ಎಲ್ಲರದೂ ಒಂದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಒಂಬತ್ತು ಕೌಂಟಿಗಳಲ್ಲಿ 27 ಸಾರಿಗೆ ಸಂಸ್ಥೆಗಳಿವೆ, ಕೂಡಿಸಬೇಕೆಂಬ ವಾದ ವರ್ಷಗಳಿಂದ ನಡೆದೇ ಇದೆ, ಕ್ಲಿಪ್ಪರ್ ಎಂಬ ಒಂದೇ ಕಾರ್ಡು ಮಾತ್ರ ಆಗಲೇ ಚಾಲ್ತಿಗೆ ಬಂದಿದೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಪಕ್ಕದ ಚೆನ್ನೈನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಂದ 'ಚೆನ್ನೈ ಒನ್' ಆ್ಯಪ್‌ನಲ್ಲಿ ನಗರ ಬಸ್ಸು, ಮೆಟ್ರೊ, ಉಪನಗರ ರೈಲು ಮೂರಕ್ಕೂ ಒಂದೇ ಕ್ಯೂಆರ್ ಟಿಕೆಟ್ ಸಿಗುತ್ತದೆ. ಮೂರಕ್ಕೂ ಒಡೆಯರು ಬೇರೆ ಬೇರೆ, ಅದರಲ್ಲೊಬ್ಬರು ಭಾರತೀಯ ರೈಲ್ವೆಯವರು.

ತೊಡಕು ಇರುವುದು ಟಿಕೆಟ್ ಮುದ್ರಿಸುವುದರಲ್ಲಿ ಅಲ್ಲವೇ ಅಲ್ಲ. ಬಂದ ಹಣ ಹಂಚುವುದರಲ್ಲಿ. ತುಮಕೂರಿನಿಂದ ಮೆಜೆಸ್ಟಿಕ್‌ಗೆ ನೂರು ರೂಪಾಯಿಯ ಒಂದೇ ಟಿಕೆಟ್ ಎಂದಿಟ್ಟುಕೊಳ್ಳೋಣ. ಐವತ್ತು ಕಿಲೋಮೀಟರ್ ಬಸ್ಸು, ಹದಿನೆಂಟು ಕಿಲೋಮೀಟರ್ ಮೆಟ್ರೊ ಎನ್ನೋಣ. ದೂರದ ಲೆಕ್ಕದಲ್ಲಿ ಹಂಚಿದರೆ ಬಸ್ಸಿಗೆ ಸುಮಾರು 74, ಮೆಟ್ರೊಗೆ 26. ಮೆಟ್ರೊದವರು, ಆ ಹದಿನೆಂಟು ಕಿಲೋಮೀಟರಿಗೆ ನಮ್ಮ ಬಿಡಿ ದರವೇ ಇದಕ್ಕಿಂತ ಎಷ್ಟೋ ಹೆಚ್ಚು ಎನ್ನುತ್ತಾರೆ, ಅದು ನಿಜ. ಬಿಡಿ ದರದ ಅನುಪಾತದಲ್ಲಿ ಹಂಚಿದರೆ ಬಸ್ಸಿನವರು, ಡೀಸೆಲ್ ಸುಟ್ಟು ಐವತ್ತು ಕಿಲೋಮೀಟರ್ ಹೊತ್ತು ತಂದವರು ನಾವು ಎನ್ನುತ್ತಾರೆ, ಅದೂ ನಿಜ. ಈಗ ಅದೇ ಟಿಕೆಟ್ಟನ್ನು ಮೇಡಂ ಅವರು ಶಕ್ತಿ ಯೋಜನೆಯಲ್ಲಿ ಪಡೆದರೆ? ಶೂನ್ಯ ಟಿಕೆಟಿನ ಮೌಲ್ಯವನ್ನು ರಾಜ್ಯ ಸರ್ಕಾರ ಬಸ್ ನಿಗಮಗಳಿಗೆ ಭರಿಸಿಕೊಡುತ್ತದೆ. ಕೇಂದ್ರವೂ ಅರ್ಧ ಪಾಲುದಾರನಾಗಿರುವ ಕಂಪನಿಗೆ ಆ 26 ರೂಪಾಯಿಯನ್ನು ಯಾವ ಲೆಕ್ಕಶೀರ್ಷಿಕೆಯಿಂದ ಕೊಡಬೇಕು? ಒಕ್ಕೂಟದ ಕರಾರಿನಲ್ಲಿ ಇದನ್ನು ಒಂದು ಕಲಮಾಗಿ ಬರೆದರೆ ಸಾಕು, ಬಗೆಹರಿಯುತ್ತದೆ. ಕರಾರಿಗೆ ಎಲ್ಲರೂ ಸಹಿ ಹಾಕಬೇಕು ಎಂಬುದಷ್ಟೇ ಕಷ್ಟ.

ಪುಣೆಯಿಂದ ಮರಳಿದವನು, ತುಮಕೂರು

ವಕೀಲರ ಮಾತು ಅಚ್ಚುಕಟ್ಟಾಗಿದೆ, ಆದರೆ "ಎಲ್ಲರೂ ಸಹಿ ಹಾಕಬೇಕು ಎಂಬುದಷ್ಟೇ" ಎಂದು ಅವರು ತೇಲಿಸಿಬಿಟ್ಟ ಆ ಕಡೆಯ ವಾಕ್ಯದಲ್ಲೇ ಇಡೀ ರೋಗವಿದೆ. ಸಮನ್ವಯ ಪ್ರಾಧಿಕಾರ 2007ರಲ್ಲಿ ಹುಟ್ಟಿ ಅದಕ್ಕೊಂದು ಕಾಯ್ದೆಯ ಬಲ ಬರಲು 2022 ಆಯಿತು. ಆ ಹದಿನೈದು ವರ್ಷಗಳಲ್ಲಿ ಮೆಟ್ರೊ ಬಂತು, ಬೆಳೆಯಿತು. ಪೀಣ್ಯದಲ್ಲಿ ಉತ್ತರ ಕರ್ನಾಟಕದ ಕಡೆಯ ದೂರದ ಬಸ್ಸುಗಳಿಗಾಗಿ 2014ರಲ್ಲಿ ಬಸವೇಶ್ವರ ನಿಲ್ದಾಣ ಆರಂಭವಾಯಿತು. ಅಲ್ಲಿಂದ ನಗರದೊಳಗೆ ಹೋಗುವ ಸಂಪರ್ಕ ಸಾಲದೆ ಬಸ್ಸುಗಳು ಮತ್ತೆ ಮೆಜೆಸ್ಟಿಕ್‌ಗೇ ಮರಳಿದವು. ನಿಲ್ದಾಣ ಕಟ್ಟುವವರೊಬ್ಬರು, ಅಲ್ಲಿಂದ ಮುಂದಕ್ಕೆ ಕರೆದೊಯ್ಯಬೇಕಾದವರು ಇನ್ನೊಬ್ಬರು ಆದಾಗ ಹೀಗಾಗುತ್ತದೆ. ಸಭೆಯಲ್ಲಿ ಚಹಾ ಕುಡಿದು ಎದ್ದುಹೋಗಲು ಎಲ್ಲರಿಗೂ ಸ್ವಾತಂತ್ರ್ಯವಿರುವವರೆಗೆ ಸಮನ್ವಯ ಎಂಬುದು ಟಿಪ್ಪಣಿ ಹಾಳೆಯಲ್ಲಿ ಉಳಿಯುತ್ತದೆ.

ನಾನು ಪುಣೆಯಲ್ಲಿ ಆರು ವರ್ಷ ಇದ್ದೆ. ಅಲ್ಲಿ ಪುಣೆಯ ಪಿಎಂಟಿ, ಪಿಂಪ್ರಿ-ಚಿಂಚವಾಡದ ಪಿಸಿಎಂಟಿ ಎಂದು ಎರಡು ನಗರ ಬಸ್ ಸಂಸ್ಥೆಗಳಿದ್ದವು. 2007ರಲ್ಲಿ ಎರಡನ್ನೂ ಕೂಡಿಸಿ ಪಿಎಂಪಿಎಂಎಲ್ ಮಾಡಿದರು. ನಾನು ಹೋಗುವ ಹೊತ್ತಿಗೆ ಎರಡೂ ಊರಿನ ನಡುವೆ ಗಡಿಯೊಂದಿತ್ತೆಂಬುದೇ ಪ್ರಯಾಣಿಕನಿಗೆ ತಿಳಿಯುತ್ತಿರಲಿಲ್ಲ. ನಿಗಡಿಯಲ್ಲಿ ಹತ್ತಿದವನು ಕಾತ್ರಜ್‌ನಲ್ಲಿ ಇಳಿಯುತ್ತಿದ್ದ. ಚೆನ್ನೈ ಇನ್ನೂ ತಮಾಷೆಯ ಉದಾಹರಣೆ. ಅಲ್ಲಿಯ ಪಲ್ಲವನ್ ಸಾರಿಗೆ ನಿಗಮವನ್ನು 1994ರಲ್ಲಿ ಒಡೆದು ಎರಡು ಮಾಡಿದರು, 2001ರಲ್ಲಿ ಮತ್ತೆ ಕೂಡಿಸಿ ಎಂಟಿಸಿ ಎಂದು ಹೆಸರಿಟ್ಟರು. ಒಡೆದದ್ದನ್ನು ಕೂಡಿಸಲು ಆಗುವುದಿಲ್ಲವೆಂದೇನೂ ಇಲ್ಲ.

ಆದರೂ ಪ್ರಾಮಾಣಿಕವಾಗಿ ಒಂದನ್ನು ಒಪ್ಪಿಕೊಳ್ಳಬೇಕು. ಪುಣೆಯಲ್ಲಿ ರಸ್ತೆಯ ಮೇಲಿನ ಗಡಿ ಅಳಿಸಿದರೂ ಲೆಕ್ಕದ ಪುಸ್ತಕದಲ್ಲಿ ಅದು ಹಾಗೇ ಉಳಿಯಿತು: ನಷ್ಟವನ್ನು ಪುಣೆ ಶೇ 60, ಪಿಂಪ್ರಿ-ಚಿಂಚವಾಡ ಶೇ 40 ಎಂದು ತುಂಬಿಕೊಡಬೇಕು. ಕೊಡುವವನಿಗೆ ತನ್ನ ಬೀದಿಗೆ ಬಸ್ಸು ಕಡಿಮೆಯೆಂದು ಯಾವಾಗಲೂ ಅನಿಸುತ್ತದೆ. ಕೋಲಾರದ ಹಿರಿಯರ ನೈಟ್ ಹಾಲ್ಟ್ ಬಸ್ಸಿಗೆ ಅಂಥ ಲೆಕ್ಕದಲ್ಲಿ ಯಾರು ಪಾಲು ಕೊಡುತ್ತಾರೆ ಎಂಬುದಕ್ಕೆ ನನ್ನಲ್ಲೂ ಉತ್ತರವಿಲ್ಲ. ಲಂಡನ್ನಿನ ಏರ್ಪಾಡು ನನಗೆ ಹೆಚ್ಚು ಹಿಡಿಸುತ್ತದೆ. 1933ರಲ್ಲಿ ಸುರಂಗ ರೈಲು, ಟ್ರಾಮ್, ಬಸ್ಸುಗಳನ್ನೆಲ್ಲ ಒಂದು ಮಂಡಳಿಗೆ ಸೇರಿಸಿದವರು ಅವರು. ಈಗ ಅಲ್ಲಿ ಬಸ್ಸು ಓಡಿಸುವುದು ಗುತ್ತಿಗೆಯ ಖಾಸಗಿ ಕಂಪನಿಗಳು, ಆದರೆ ಮಾರ್ಗ, ಸಮಯ, ದರ ಮೂರನ್ನೂ ಬರೆಯುವುದು 2000ದಲ್ಲಿ ಬಂದ ಒಂದೇ ಪ್ರಾಧಿಕಾರ. ಹಾಗೆ ಮಾಡಿದರೆ ಶ್ರೀನಿವಾಸಪುರದ ಖಾಸಗಿ ಬಸ್ಸಿಗೂ ಅದರಲ್ಲಿ ಜಾಗ ಸಿಗುತ್ತದೆ, ಬೇಕಾದರೆ ಶಕ್ತಿಯ ಶೂನ್ಯ ಟಿಕೆಟ್ಟೂ ಅದರಲ್ಲಿ ನಡೆಯುತ್ತದೆ.

ನಿವೃತ್ತ ಸಂಚಾರ ನಿಯಂತ್ರಕ, ಕೋಲಾರ

ಪುಣೆಯವರ ಕಡೆಯ ಮಾತನ್ನು ನಾನು ಒಪ್ಪುತ್ತೇನೆ. ಸಮಯ ಬರೆಯುವ ಅಧಿಕಾರ ಒಬ್ಬರ ಕೈಯಲ್ಲಿರಲಿ, ಬಸ್ಸು ಆಯಾ ಘಟಕದಲ್ಲೇ ಇರಲಿ. ಒಂದು ಷರತ್ತು ಮಾತ್ರ: ನೈಟ್ ಹಾಲ್ಟ್ ಷೆಡ್ಯೂಲ್‌ಗಳನ್ನು ಆ ಪ್ರಾಧಿಕಾರ ಮುಟ್ಟುವಂತಿಲ್ಲ ಎಂದು ಮನವಿಯಲ್ಲಿ ಬರೆಯಿರಿ. ಉಳಿದದ್ದನ್ನು ಹೇಗಾದರೂ ಹೊಂದಿಸಿಕೊಳ್ಳಬಹುದು.

ಕ್ಯಾತ್ಸಂದ್ರದ ಪ್ರಯಾಣಿಕ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆಯ ರೈಲಿನಲ್ಲಿ ಇದನ್ನೆಲ್ಲ ಮೊಬೈಲಿನಲ್ಲಿ ಓದಿ ಹೇಳಿದೆ. ಚಿಕ್ಕಬಾಣಾವರದಿಂದ ದಾಬಸ್‌ಪೇಟೆಯವರೆಗೆ ಜಗಳವೇ ನಡೆಯಿತು. ಕೊನೆಗೆ "ಒಂದೇ ಸಂಸ್ಥೆಯ ಅಡಿಯಲ್ಲಿ ತರಬೇಕು" ಎಂಬ ಮೊದಲ ವಾಕ್ಯವನ್ನು ಹೊಡೆದು ಹಾಕಿದ್ದೇವೆ. ಈಗ ಅಲ್ಲಿರುವುದು ಇದು: "ಮಾದಾವರಕ್ಕೆ ಬರುವ ಕೊನೆಯ ಮೆಟ್ರೊದಿಂದ ಇಳಿದವರನ್ನು ಹತ್ತಿಸಿಕೊಳ್ಳದೆ ತುಮಕೂರಿನ ಕೊನೆಯ ಬಸ್ಸು ಅಲ್ಲಿಂದ ಹೊರಡಬಾರದು; ಯಶವಂತಪುರ, ಬಂಗಾರಪೇಟೆ, ಯಲಹಂಕ, ದೇವನಹಳ್ಳಿಗಳಲ್ಲಿ ರೈಲಿಗೂ ಬಸ್ಸಿಗೂ ಇದೇ ನಿಯಮ ಇರಬೇಕು; ಇದನ್ನು ಬರೆದು ಜಾರಿ ಮಾಡುವ ಅಧಿಕಾರವನ್ನು ಭೂ ಸಾರಿಗೆ ಪ್ರಾಧಿಕಾರಕ್ಕೆ ಕೊಟ್ಟು, ಅದರ ವ್ಯಾಪ್ತಿಯನ್ನು ಸೀಸನ್ ಟಿಕೆಟ್ ಮಾರಾಟವಾಗುವ ಊರುಗಳವರೆಗೆ ವಿಸ್ತರಿಸಬೇಕು." ಒಂದೇ ಟಿಕೆಟ್ಟಿನ ಬೇಡಿಕೆ ಎರಡನೆಯದು, ನೈಟ್ ಹಾಲ್ಟ್ ಷರತ್ತು ಮೂರನೆಯದು. ನಕ್ಷೆಯ ಗೆರೆಗೆ ಸೀಸನ್ ಟಿಕೆಟ್ಟನ್ನು ಅಳತೆಗೋಲಾಗಿ ಇಟ್ಟದ್ದು ಸರಿಯೇ ಎಂದು ವಕೀಲರು ಹೇಳಬೇಕು. ಶಕ್ತಿಯ ವಿಷಯವನ್ನು ಹೇಗೆ ಬರೆಯಬೇಕೆಂದು ನಮಗೆ ತಿಳಿಯಲಿಲ್ಲ. ನಮ್ಮ ಬೋಗಿಯಲ್ಲಿ ಇದ್ದವರೆಲ್ಲ ಗಂಡಸರೇ.

ವಕೀಲರು, ಚಿಕ್ಕಬಳ್ಳಾಪುರ

ಅಳತೆಗೋಲು ಚೆನ್ನಾಗಿದೆ, ಆದರೆ ಸೀಸನ್ ಟಿಕೆಟ್ ರೈಲಿನದು. ನಮ್ಮಲ್ಲಿ ರೈಲಿಗಿಂತ ಬಸ್ಸಿನವರೇ ಹೆಚ್ಚು, ಚಿಂತಾಮಣಿಯಲ್ಲಂತೂ ಖಾಸಗಿ ಬಸ್ಸಿನವರು. "ಸೀಸನ್ ಟಿಕೆಟ್ ಅಥವಾ ಮಾಸಿಕ ಬಸ್ ಪಾಸ್" ಎಂದು ಸೇರಿಸಿ. ಖಾಸಗಿ ಬಸ್ಸಿನ ದಿನನಿತ್ಯದ ಪ್ರಯಾಣಿಕರನ್ನು ಎಣಿಸಲು ಸಮೀಕ್ಷೆ ಕೇಳಿ.

ಶಿರಾ ಗೇಟ್ ನಿವಾಸಿ, ತುಮಕೂರು

ಹೀಗೆ ಬರೆಯಿರಿ: "ಈಗ ನೇರವಾಗಿ ಓಡುತ್ತಿರುವ ಯಾವುದೇ ಸಾಮಾನ್ಯ ಬಸ್ಸನ್ನು ಮೆಟ್ರೊ ನಿಲ್ದಾಣದಲ್ಲಿ ಮೊಟಕುಗೊಳಿಸುವುದಾದರೆ, ಆ ಬಸ್ಸಿನಲ್ಲಿ ಪಡೆದ ಶೂನ್ಯ ಟಿಕೆಟ್ ಅದೇ ದಿನ ಮೆಟ್ರೊದಲ್ಲೂ ನಡೆಯಬೇಕು, ಅದಕ್ಕೆ ಏರ್ಪಾಡು ಆಗುವವರೆಗೆ ನೇರ ಬಸ್ಸು ಮುಂದುವರಿಯಬೇಕು." ಮುಂದಿನ ಕರಡನ್ನು ಬೋಗಿಯಲ್ಲಿ ಓದುವ ಮೊದಲು ಪಕ್ಕದ ಮಹಿಳಾ ಬೋಗಿಗೂ ಒಂದು ಪ್ರತಿ ಕೊಡಿ.